ಗುರುವಾರ, ಭಾನುವಾರ ಹತ್ತುವ ದೀಪ

ಏಪ್ರಿಲ್ 16, ಸೋಮವಾರ

ಬರೆದಿಡು ಅಂದವನು ಗ್ಯಾರೇಜಿನ ಗೆಬ್‌ಹಾರ್ಡ್. ಎಂಜಿನ್ನಿನ ಹಳದಿ ದೀಪ ಯಾವ ದಿನ ಹತ್ತಿತು, ಮಳೆಯಿತ್ತೋ ಬಿಸಿಲಿತ್ತೋ, ಏರಿನಲ್ಲೋ ಇಳಿಜಾರಿನಲ್ಲೋ, ಎಲ್ಲ ಬರೆದು ತಾ, ಆಮೇಲೆ ನೋಡೋಣ ಅಂದ. ಅದಕ್ಕೇ ಈ ಪುಸ್ತಕ. ಶಾಲೆ ಬಿಟ್ಟ ಮೇಲೆ ಅಂಗಡಿಯ ಪಟ್ಟಿ ಬಿಟ್ಟರೆ ನಾನು ಏನೂ ಬರೆದವಳಲ್ಲ.

ಮೊದಲನೇ ಸಲ: ಹೋದ ಗುರುವಾರ, ಹನ್ನೆರಡನೇ ತಾರೀಕು. ಬೆಳಿಗ್ಗೆ ಬ್ರೆಡ್ ತರಲು ಹೊರಟಾಗ. ಒಣ ಹವೆ. ಕಾರು ನಡುಗಿತು, ದೀಪ ಹತ್ತಿತು, ಆರಲೇ ಇಲ್ಲ. ಶುಕ್ರವಾರ ಗೆಬ್‌ಹಾರ್ಡ್ ತನ್ನ ಪೆಟ್ಟಿಗೆಯ ತಂತಿ ಸಿಕ್ಕಿಸಿ ಆರಿಸಿಕೊಟ್ಟ. ಹತ್ತಿದಾಗಲೆಲ್ಲ ಬಾ, ಆರಿಸಿಕೊಡುತ್ತೇನೆ ಅಂದ.

ಎರಡನೇ ಸಲ: ನಿನ್ನೆ ಭಾನುವಾರ, ಚರ್ಚಿನ ಪೂಜೆಗೆ ಹೋಗುವಾಗ. ಒಣ ಹವೆ.

ಆ ಪೆಟ್ಟಿಗೆ ಹೇಳುವುದು ಇಷ್ಟೇ: ಎಂಜಿನ್ನಿಗೆ ಗಾಳಿ ಹೆಚ್ಚಾಗಿದೆ, ಪೆಟ್ರೋಲ್ ಸಾಲದು. ಯಾಕೆ ಅಂತ ಹೇಳುವುದಿಲ್ಲ.

"ಹದಿನೈದು ವರ್ಷದ ಕಾರು ಕಣೇ ಬುರ್ಗಿ," ಅಂದ. "ನಿನ್ನ ಮೊಣಕಾಲೂ ದೀಪ ಹಚ್ಚುತ್ತೆ. ಹೊರಗೆ ಕಾಣಲ್ಲ ಅಷ್ಟೆ."

ಅವನ ಜೊತೆ ಎಂಟು ವರ್ಷ ಒಂದೇ ತರಗತಿಯಲ್ಲಿ ಕೂತಿದ್ದೇನೆ. ಆಗಲೂ ಹೀಗೇ.

ನನಗೆ ನಗು ಬರಲಿಲ್ಲ. ಗಾಜಿನ ಮೇಲಿನ ತಪಾಸಣೆಯ ಚೀಟಿಯಲ್ಲಿ ಜನವರಿಗೆ ತೂತು ಬಿದ್ದಿದೆ. ಆಮೇಲಿನ ನಾಲ್ಕು ತಿಂಗಳ ರಿಯಾಯಿತಿ ಮೇ ಕೊನೆಗೆ ಮುಗಿಯುತ್ತದೆ. ದೀಪ ಉರಿಯುವ ಕಾರಿಗೆ ಹೊಸ ಚೀಟಿ ಅಂಟಿಸುವುದಿಲ್ಲ, ಚೀಟಿ ಇಲ್ಲದ ಕಾರನ್ನು ರಸ್ತೆಗೆ ಇಳಿಸುವ ಹಾಗಿಲ್ಲ. ಹೊಸ ಕಾರಿನ ಮಾತು ನಮ್ಮ ಮನೆಯಲ್ಲಿ ಇಲ್ಲ. ತಿಂಗಳ ಮೊದಲ ಶುಕ್ರವಾರ ಮೇಲಿನ ಮನೆಗಳ ಕಾಯಿಲೆಯವರಿಗೆ ಚರ್ಚಿನಿಂದ ಪರಮಪ್ರಸಾದ ಒಯ್ಯುವವಳು ನಾನು. ಅಲ್ಲಿಗೆ ಬಸ್ಸಿಲ್ಲ. ನನ್ನ ಗಂಡ ಅಲೋಯಿಸ್‌ಗೂ ಈಗ ಕಾರು ಬೇಕು. ವಯಸ್ಸಾಯಿತೆಂದು ಚೀಸ್ ಡೈರಿಯಲ್ಲಿ ವಾರಕ್ಕೆ ಮೂರೇ ದಿನದ ಕೆಲಸ ಕೊಟ್ಟಿದ್ದರು. ಈಸ್ಟರ್ ಹಬ್ಬ ಕಳೆದ ಮೇಲೆ ಮಂಗಳವಾರ, ಶುಕ್ರವಾರದ ರಾತ್ರಿ ಪಾಳಿಯನ್ನೂ ಒಪ್ಪಿಕೊಂಡಿದ್ದಾನೆ, ಯಾರೋ ರಜೆಯಂತೆ. ಹಗಲು ಜೊತೆಯವನ ವ್ಯಾನಿನಲ್ಲಿ ಹೋಗುತ್ತಾನೆ, ರಾತ್ರಿಗೆ ನಮ್ಮ ಕಾರು.

ಏಪ್ರಿಲ್ 19, ಗುರುವಾರ

ಬೆಳಿಗ್ಗೆ ಎಂಟಕ್ಕೆ ದೀಪ ಹತ್ತಿತು. ಸಣ್ಣ ಮಳೆ. ಅಂಗಳದಿಂದ ಹೊರಡುವ ಮುಂಚೆಯೇ.

ಏಪ್ರಿಲ್ 20, ಶುಕ್ರವಾರ

ಗೆಬ್‌ಹಾರ್ಡ್ ಹೊಗೆ ಅಳೆಯುವ ಸೆನ್ಸರ್ ಬದಲಿಸಿದ. ಹಳೆಯದು ಮಸಿ ಹಿಡಿದಿತ್ತು. ಇದೇ ಇರಬೇಕು ಅಂದ. ಇದೇ ಇರಲಿ ದೇವರೇ.

ಏಪ್ರಿಲ್ 22, ಭಾನುವಾರ

ಅದಲ್ಲ.

ಚರ್ಚಿನ ತಿರುವಿನಲ್ಲೇ ಹತ್ತಿತು. ಪೂಜೆಯ ಉದ್ದಕ್ಕೂ ನನ್ನ ಮನಸ್ಸು ಹೊರಗೆ ನಿಲ್ಲಿಸಿದ ಕಾರಿನಲ್ಲೇ ಇತ್ತು. ಎರಡು ಭಾನುವಾರ, ಎರಡು ಗುರುವಾರ. ಗುರುವಾರ ಪ್ರಭುಗಳು ಶಿಷ್ಯರ ಕಾಲು ತೊಳೆದ ದಿನ, ಭಾನುವಾರ ಸಾವಿನಿಂದ ಎದ್ದ ದಿನ. ನಾನು ಮೂಢಳಲ್ಲ, ಆದರೂ ಯೋಚನೆ ಬಂತು. ನನ್ನಿಂದ ಏನಾದರೂ ತಪ್ಪಾಗಿದೆಯೇ ಅಂತ ಕೂತು ಒಂದೊಂದೇ ಹುಡುಕಿದೆ. ಉಪವಾಸ ಬಿಟ್ಟಿಲ್ಲ, ಪಾಪನಿವೇದನೆ ಬಿಟ್ಟಿಲ್ಲ. ಹೊಳೆಯಲಿಲ್ಲ.

ಮನೆಗೆ ಬಂದು ಶಿಲುಬೆಯ ಹಿಂದೆ ಸಿಕ್ಕಿಸಿದ್ದ ಗರಿಗಳ ಭಾನುವಾರ ಚರ್ಚಿನಲ್ಲಿ ಮಂತ್ರಿಸಿ ಕೊಟ್ಟ ಕಡ್ಡಿಗಳಲ್ಲಿ ನಾಲ್ಕು ತೆಗೆದು, ಕೆಂಪು ದಾರದಲ್ಲಿ ಕಟ್ಟಿ, ಕಾರಿನ ಬಾನೆಟ್ ಎತ್ತಿ ಒಳಗೆ ಇಟ್ಟೆ. ಅಪ್ಪ ದನದ ಕೊಟ್ಟಿಗೆಯಲ್ಲಿ ಹೀಗೇ ಇಡುತ್ತಿದ್ದರು. ಅಲೋಯಿಸ್‌ಗೆ ಹೇಳಲಿಲ್ಲ. ಅವನು ಕಾರಿನ ಸುತ್ತ ಒಂದು ಸುತ್ತು ಹಾಕಿ, ಹಳೇ ಕಾರು ಕಣೇ, ಅಂತ ಹೇಳಿ ಒಳಗೆ ಹೋದ. ಈಚೆಗೆ ಅವನು ಮಾತು ಕಡಿಮೆ ಮಾಡಿದ್ದಾನೆ. ರಾತ್ರಿ ಪಾಳಿಯ ಆಯಾಸ.

ಏಪ್ರಿಲ್ 27, ಶುಕ್ರವಾರ

ಗುರುವಾರ ಮತ್ತೆ ಹತ್ತಿ, ಇವತ್ತು ಗ್ಯಾರೇಜಿಗೆ. ಗೆಬ್‌ಹಾರ್ಡ್ ಬಾನೆಟ್ ಎತ್ತಿ ಬಗ್ಗಿ ನೋಡಿದ. ಆಮೇಲೆ ಎರಡು ಬೆರಳಲ್ಲಿ ನನ್ನ ಕಡ್ಡಿಯ ಕಟ್ಟನ್ನು ಹೊರಗೆ ತೆಗೆದ. ಅರ್ಧ ಸುಟ್ಟು ಕರಕಲಾಗಿತ್ತು.

"ಇದನ್ನ ಸೈಲೆನ್ಸರ್ ಕೊಳವೆ ಮೇಲೆ ಇಟ್ಟವರು ಯಾರು?"

ನಾನೇ, ಅಂದೆ.

"ಬೆಂಕಿ ಹತ್ತಿದ್ರೆ ನೀನು ನೇರ ಸ್ವರ್ಗಕ್ಕೆ ಹೋಗ್ತಿದ್ದೆ, ಪರವಾಗಿಲ್ಲ. ಕಾರು ಎಲ್ಲಿಗೆ ಹೋಗ್ತಿತ್ತು?"

ಆದರೆ ಅದನ್ನು ಕಸಕ್ಕೆ ಎಸೆಯಲಿಲ್ಲ. ಪವಿತ್ರ ಮಾಡಿದ್ದು ಅಂತ ಅವನಿಗೂ ಗೊತ್ತು. ಕಿಟಕಿಯ ಮೇಲಿಟ್ಟ. ಎಂಜಿನ್ನಿಗೆ ಕಿಡಿ ಕೊಡುವ ವೈರಿನ ಮೇಲೆ ಸಿಪ್ಪೆ ಎದ್ದಿತ್ತು, ಹಳೆಯದಾಗಿ ಬಿರಿದಿದೆ ಅಂತ ಬದಲಿಸಿದ.

ಏಪ್ರಿಲ್ 29, ಭಾನುವಾರ

ಹತ್ತಿತು. ಬಿಸಿಲು.

ಮೇ 4, ತಿಂಗಳ ಮೊದಲ ಶುಕ್ರವಾರ

ಇದನ್ನು ಗೆಬ್‌ಹಾರ್ಡ್‌ಗೆ ತೋರಿಸುವ ಹಾಗಿಲ್ಲ, ಆದರೂ ಬರೆಯುತ್ತೇನೆ.

ಐದು ಮನೆಯಲ್ಲಿ ನಾಲ್ಕಾಗಿತ್ತು. ಮುದುಕಿ ಫಿಲೋಮೆನಾಳ ಮನೆಯ ಏರಿನಲ್ಲಿ ಕಾರು ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಎದೆಯ ಮೇಲೆ ಪರಮಪ್ರಸಾದದ ಚೀಲ. ಚಕ್ರಕ್ಕೆ ಕಲ್ಲು ಒತ್ತುಕೊಟ್ಟು ನಡೆದೆ. ಮುಕ್ಕಾಲು ಗಂಟೆ. ಮೊಣಕಾಲಿನ ಪಾಡು ಕೇಳಲೇಬೇಡ. ಆದರೆ ಅಷ್ಟು ದೂರ ಪ್ರಭುಗಳ ಜೊತೆ ಇಬ್ಬರೇ ನಡೆದದ್ದು ಹಿತವಾಗಿಯೂ ಇತ್ತು.

ಫಿಲೋಮೆನಾಳಿಗೆ ತೊಂಬತ್ತೊಂದು. ಪ್ರಸಾದ ತೆಗೆದುಕೊಂಡು, ಪ್ರಾರ್ಥನೆ ಮುಗಿಸಿ, ನನ್ನ ಕೈ ಹಿಡಿದುಕೊಂಡು ಕೇಳಿದಳು: "ನಿನ್ನ ಅಣ್ಣ ಹೇಗಿದ್ದಾನಮ್ಮ? ಕಾಲೆಲ್ಲ ಬಾತಿದೆಯಂತೆ."

ನನಗೆ ಅಣ್ಣ ಇಲ್ಲ ಅಂದೆ. ಅವಳು ನನ್ನ ಮುಖ ನೋಡಿದಳು, ನಾನು ಚೀಲದ ಗುಂಡಿ ಹಾಕಿಕೊಂಡೆ.

ಅವಳು ಮುದುಕಿ, ಮರೆತಿದ್ದಾಳೆ. ಉಳಿದವರು ಯಾರೂ ಅವನ ಹೆಸರನ್ನು ನನ್ನ ಮುಂದೆ ಎತ್ತುವುದಿಲ್ಲ. ಹಿಂಟರ್‌ಬಾಖಿನ ಕಣಿವೆಯಲ್ಲಿ ಅಮ್ಮನ ಮನೆಯಲ್ಲಿ ಇದ್ದಾನೆ. ಒಂಬತ್ತು ವರ್ಷದ ಹಿಂದೆ ಫೆಬ್ರವರಿಯಲ್ಲಿ ಅಮ್ಮ ಅದೇ ಮನೆಯಲ್ಲಿ ತೀರಿಕೊಂಡಳು. ಪಕ್ಕದಲ್ಲಿ ಇದ್ದವನು ಅವನೊಬ್ಬನೇ. ಚರ್ಚಿನ ಗುರುಗಳ ಮನೆ ಕೆಳಗೆ ಹತ್ತು ನಿಮಿಷದ ದಾರಿ, ಫೋನ್ ಗೋಡೆಯ ಮೇಲೇ ಇತ್ತು. ಅವನು ಮಾಡಲಿಲ್ಲ. ಜೀವಮಾನವಿಡೀ ಒಂದು ದಿನದ ಪ್ರಾರ್ಥನೆ ತಪ್ಪಿಸದ ಹೆಂಗಸು ಸಾಯುವವರಿಗೆ ಹಚ್ಚುವ ಕೊನೆಯ ತೈಲ ಇಲ್ಲದೆ, ಪರಮಪ್ರಸಾದ ಇಲ್ಲದೆ, ದಿಕ್ಕಿಲ್ಲದವಳ ಹಾಗೆ ಹೋದಳು. ನಾನು ಬಂದಾಗ ತೊಳೆದು ಮಲಗಿಸಿದ್ದರು. ಯಾಕೆ ಕರೆಸಲಿಲ್ಲ ಅಂತ ಕೇಳಿದೆ. ತಡವಾಯ್ತು ಅಂದ. ಒಂದೇ ಮಾತು. ಅವನು ಚರ್ಚಿಗೆ ಬರುವುದು ಬಿಟ್ಟು ಎಷ್ಟೋ ವರ್ಷವಾಗಿತ್ತು. ಬೇಕೆಂದೇ ಮಾಡಿದ್ದಾನೆ ಅಂತ ನನಗೆ ಅಲ್ಲೇ ಗೊತ್ತಾಯಿತು. ಸ್ಮಶಾನದ ಗೇಟಿನಲ್ಲಿ ಎಲ್ಲರೂ ಕೇಳುವಂತೆ ಹೇಳಿದೆ: ನಾನು ಬದುಕಿರುವ ತನಕ ನನ್ನ ಹೊಸಿಲು ತುಳಿಯಬೇಡ.

ಅವನು ತುಳಿದಿಲ್ಲ.

ಕಾಲು ಬಾತರೆ ಡಾಕ್ಟರ್ ಇದ್ದಾರೆ.

ಮೇ 8, ಮಂಗಳವಾರ

ಕೊನೆಗೂ ಸಿಕ್ಕಿತು. ಗೆಬ್‌ಹಾರ್ಡ್ ಎಂಜಿನ್ ಉಸಿರೆಳೆಯುವ ಕೊಳವೆಗೆ ಒಂದು ಯಂತ್ರದಿಂದ ಹೊಗೆ ಊದಿದ. ಏನೂ ಇಲ್ಲ, ಏನೂ ಇಲ್ಲ, ಆಮೇಲೆ ಒಂದು ರಬ್ಬರ್ ಪೈಪಿನ ಕೆಳಗಿನಿಂದ ದಾರದಂತೆ ಹೊಗೆ ಎದ್ದಿತು. ಊದುಬತ್ತಿಯ ಹಾಗೆ. ಕನ್ನಡಿ ಹಿಡಿದು ನೋಡಿದರೆ ಸೂಜಿಯಿಂದ ಚುಚ್ಚಿದಂಥ ತೂತು, ಎರಡೆರಡು, ಎರಡೆರಡು. ಹಲ್ಲು.

ಮರನಾಯಿ. ಬಿಳಿ ಎದೆಯದು, ಬೆಕ್ಕಿನಷ್ಟು ಉದ್ದ, ಎಲ್ಲರ ಅಟ್ಟದಲ್ಲೂ ಓಡಾಡುತ್ತದೆ. ಬೆಚ್ಚಗಿನ ಎಂಜಿನ್ ಕಂಡರೆ ಒಳಗೆ ಮಲಗುತ್ತದೆ, ರಬ್ಬರ್ ಕಡಿಯುತ್ತದೆ. ಗೆಬ್‌ಹಾರ್ಡ್‌ಗೆ ತನ್ನ ಮೇಲೇ ಸಿಟ್ಟು. ಹಳೇ ಕಾರು ಅಂತ ಬರೀ ಹಳೆತನವನ್ನೇ ಹುಡುಕುತ್ತಾ ಕೂತೆ, ವೈರ್ ಬಿರಿದದ್ದಲ್ಲ ಕಡಿದದ್ದು, ಆವತ್ತೇ ಕಾಣಬೇಕಿತ್ತು ಅಂದ. ಪೈಪು ಬದಲಿಸಿದ. ಒಳಗೆಲ್ಲ ಒರೆಸಿದ.

ಪಕ್ಕದ ಮನೆಯ ಟ್ರೌಡ್ಲ್ ನಾಯಿಯ ಕೂದಲನ್ನು ಹಳೇ ಕಾಲುಚೀಲಕ್ಕೆ ತುಂಬಿ ಕೊಟ್ಟಳು, ಎಂಜಿನ್ನಿಗೆ ನೇತುಹಾಕು ಅಂತ. ಕೋಳಿಯ ತಂತಿಬಲೆಯನ್ನು ಹಲಗೆ ಚೌಕಟ್ಟಿಗೆ ಹೊಡೆದು ಕಾರಿನ ಅಡಿಗೆ ಹಾಸಬೇಕು, ಅದರ ಮೇಲೆ ಕಾಲಿಡಲು ಅವಕ್ಕೆ ಆಗುವುದಿಲ್ಲ ಅಂತಲೂ ಹೇಳಿದಳು. ಅಲೋಯಿಸ್ ಮಧ್ಯಾಹ್ನವೇ ಕೂತು ಮಾಡಿದ. ಒಂದಲ್ಲ, ಎರಡು. ಎರಡು ಯಾಕೆ ಅಂದರೆ ಡೈರಿಯ ಹತ್ತಿರಕ್ಕೂ ಒಂದು ಇರಲಿ ಅಂದ. ಒಳ್ಳೆಯ ಯೋಚನೆ.

ದೀಪ ಆರಿದೆ. ನನಗೆ ಎಷ್ಟು ಹಗುರವಾಯಿತೆಂದರೆ ರಾತ್ರಿಯ ಊಟಕ್ಕೆ ಮೆಕ್ಕೆಜೋಳದ ರವೆಯ ರೀಬೆಲ್ ಹುರಿದು, ಮೇಲೆ ಎರಡು ಚಮಚ ಬೆಣ್ಣೆ ಹೆಚ್ಚಾಗಿ ಹಾಕಿ, ಅವನನ್ನು ಪಾಳಿಗೆ ಕಳಿಸಿದೆ.

ಮೇ 10, ಸ್ವರ್ಗಾರೋಹಣದ ಹಬ್ಬ, ಗುರುವಾರ

ಹತ್ತಿತು.

ಬಲೆ ಹಾಸಿತ್ತು. ಕಾಲುಚೀಲ ನೇತಾಡುತ್ತಿತ್ತು. ಹೊಸ ಪೈಪಿಗೆ ಎರಡು ದಿನ. ನನಗೆ ಒಂದೂ ಅರ್ಥವಾಗುತ್ತಿಲ್ಲ. ಟ್ರೌಡ್ಲ್‌ಳ ಕಾರು ನಮ್ಮ ಬೇಲಿಯಿಂದ ಹತ್ತು ಹೆಜ್ಜೆ ದೂರ ಬಯಲಲ್ಲಿ ನಿಲ್ಲುತ್ತದೆ, ಬಲೆಯೂ ಇಲ್ಲ ಕೂದಲೂ ಇಲ್ಲ, ಅದಕ್ಕೆ ಏನೂ ಆಗಿಲ್ಲ. ಮರನಾಯಿಗೆ ನಮ್ಮ ಮೇಲೆ ಏನು ಹಗೆ?

ಮೇ 14, ಸೋಮವಾರ

ನಿನ್ನೆಯೂ ಹತ್ತಿತ್ತು. ಇವತ್ತು ಗೆಬ್‌ಹಾರ್ಡ್ ಎಂಜಿನ್ನಿನ ಅಡಿಯ ತಟ್ಟೆಯನ್ನೇ ಬಿಚ್ಚಿದ. ನಾನು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದೆ.

ಅವನು ಬಿಚ್ಚುತ್ತಾ ಹೇಳಿದ್ದು ಹೀಗೆ. ಒಂದು ಮರನಾಯಿ ಒಂದು ಕಾರಿನಲ್ಲಿ ವರ್ಷಗಟ್ಟಲೆ ಮಲಗಿದರೂ ಸುಮ್ಮನಿರುತ್ತದೆ, ಅದು ಅದರ ಮನೆ. ಆದರೆ ಬೇರೆ ಗಂಡು ಮರನಾಯಿಯ ವಾಸನೆ ಅಂಟಿಸಿಕೊಂಡು ಕಾರು ಬಂದಿತೋ, ತಲೆ ಕೆಡುತ್ತದೆ. ವೈರಿ ಒಳಗಿದ್ದಾನೆ ಅಂತ ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ಬಲೆಯನ್ನೂ ಲೆಕ್ಕಿಸುವುದಿಲ್ಲ. ಟ್ರೌಡ್ಲ್‌ಳ ಕಾರು ಮನೆ ಬಿಟ್ಟು ಎಲ್ಲೂ ಮಲಗುವುದಿಲ್ಲ, ಅದಕ್ಕೇ ಅದಕ್ಕೆ ಏನೂ ಇಲ್ಲ.

"ನಿಮ್ಮದು ಇನ್ನೆಲ್ಲಿ ಮಲಗುತ್ತೆ?"

ಮಂಗಳವಾರ, ಶುಕ್ರವಾರ ಡೈರಿಯಲ್ಲಿ, ಅಂದೆ.

ಅವನು ತಲೆ ಅಲ್ಲಾಡಿಸಿದ. ಡೈರಿಯ ಅಂಗಳಕ್ಕೆ ಡಾಂಬರು, ರಾತ್ರಿಯಿಡೀ ಹಾಲಿನ ಲಾರಿ, ಹಗಲಿನಂಥ ದೀಪ. ಅಲ್ಲಿನವರ ಕಾರುಗಳೆಲ್ಲ ನನ್ನ ಹತ್ತಿರವೇ ಬರುತ್ತವೆ, ಒಂದಕ್ಕೂ ಹಲ್ಲಿನ ಗುರುತಿಲ್ಲ ಅಂದ. ಅಷ್ಟರಲ್ಲಿ ತಟ್ಟೆ ಕೆಳಗಿಳಿಯಿತು. ಒಣ ಎಲೆ, ಒಂದು ಹಕ್ಕಿಯ ರೆಕ್ಕೆ, ಮೊಟ್ಟೆಯ ಚಿಪ್ಪು. ಮರನಾಯಿ ಮೊಟ್ಟೆ ಕದ್ದು ತಂದು ಇಲ್ಲಿ ಕೂತು ತಿಂದಿದೆ.

ಗೆಬ್‌ಹಾರ್ಡ್ ಚಿಪ್ಪನ್ನು ನೋಡಿದ. ಆಮೇಲೆ ಒರೆಸಿ ನನ್ನ ಅಂಗೈಯಲ್ಲಿ ಇಟ್ಟ. ಕೈ ಒರೆಸಿಕೊಳ್ಳುತ್ತಾ ನಿಂತ, ಅವನ ಕೈ ಆಗಲೇ ಒರೆಸಿ ಮುಗಿದಿತ್ತು.

ಚಿಪ್ಪು ಹಸಿರು. ತಿಳಿ ಹಸಿರು.

ಈ ಸುತ್ತಿನಲ್ಲಿ ಹಸಿರು ಮೊಟ್ಟೆಯ ಕೋಳಿ ಸಾಕಿದವಳು ನನ್ನ ಅಮ್ಮ ಒಬ್ಬಳೇ. ಆ ಕೋಳಿಗಳ ಮರಿಗಳ ಮರಿಗಳು ಈಗ ಇರುವುದು ಒಂದೇ ಅಂಗಳದಲ್ಲಿ.

ಮೇ 15, ಮಂಗಳವಾರ

ಐದು ಗಂಟೆಗೆ ಅಲೋಯಿಸ್ ಹೊರಟ. ಫ್ಲಾಸ್ಕಿಗೆ ಕಾಫಿ ತುಂಬಿದೆ, ಬ್ರೆಡ್ಡಿಗೆ ಹಂದಿಮಾಂಸ ಹಾಕಿ ಕಟ್ಟಿಕೊಟ್ಟೆ. ಇನ್ನೊಂದು ತುಂಡು ಹಾಕು ಅಂದ. ಹಾಕಿದೆ. ಪ್ರತಿ ಸಲವೂ ಇನ್ನೊಂದು ತುಂಡು ಕೇಳುತ್ತಿದ್ದ ಅಂತ ಆಗ ನೆನಪಾಯಿತು.

ಎಲ್ಲಿಗೆ ಅಂತ ಕೇಳಲಿಲ್ಲ. ಡೈರಿಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಗಂಡನ ಸುಳ್ಳನ್ನು ಬೇರೆಯವರ ಬಾಯಿಂದ ಕೇಳುವುದು ನನಗೆ ಬೇಡ.

ಇಪ್ಪತ್ತೇಳು ವರ್ಷದಲ್ಲಿ ಅವನು ನನಗೆ ಸುಳ್ಳು ಹೇಳಿದ್ದು ನೆನಪಿಲ್ಲ. ಈಗ ನನಗೆ ಯಾವುದರ ಮೇಲೆ ಸಿಟ್ಟು ಬರಬೇಕು ಅನ್ನುವುದೇ ತಿಳಿಯುತ್ತಿಲ್ಲ. ಸುಳ್ಳಿನ ಮೇಲೋ, ಆ ಮನೆಯ ಮೇಲೋ, ಹೋಗಿ ಏನು ಮಾಡುತ್ತಾನೆ ಎಂದು ತಿಳಿಯಬೇಕು ಅನ್ನಿಸುತ್ತದಲ್ಲ, ಅದರ ಮೇಲೋ. ಜಪಸರ ಹಿಡಿದೆ. ಮೂರನೇ ಹತ್ತು ಮಣಿಗಳಲ್ಲಿ ಎಣಿಕೆ ತಪ್ಪಿತು. ಮೊದಲಿಂದ ಶುರು ಮಾಡಿದೆ. ಮತ್ತೆ ಅಲ್ಲೇ ತಪ್ಪಿತು.

ಮೇ 17, ಗುರುವಾರ

ದೀಪ ಹತ್ತಿತು. ಹತ್ತುತ್ತದೆ ಅಂತ ಗೊತ್ತಿತ್ತು. ಮಂಗಳವಾರ ರಾತ್ರಿ ಅಲ್ಲಿ ನಿಂತ ಕಾರು, ಬುಧವಾರ ರಾತ್ರಿ ನಮ್ಮ ಅಂಗಳದಲ್ಲಿ.

ಮಧ್ಯಾಹ್ನ ಅಲೋಯಿಸ್ ಆಲೂಗಡ್ಡೆ ಸುಲಿಯುತ್ತಿದ್ದ. ಹಸಿರು ಚಿಪ್ಪನ್ನು ಅವನ ಮುಂದೆ ಮೇಜಿನ ಮೇಲೆ ಇಟ್ಟೆ. ಅವನು ಚಾಕು ಕೆಳಗಿಟ್ಟ.

"ಸುಳ್ಳು ಹೇಳಿದೆ," ಅಂದ. "ಪಾಪನಿವೇದನೆಯಲ್ಲೂ ಹೇಳಿದ್ದೀನಿ."

"ಗುರುಗಳು ಏನಂದ್ರು?"

"ಮನೆಗೆ ಹೋಗಿ ಹೆಂಡತಿಗೆ ಹೇಳು ಅಂದ್ರು. ಅದರ ಬದಲು ಪ್ರಾಯಶ್ಚಿತ್ತಕ್ಕೆ ಹತ್ತು ಜಪಸರ ಕೊಡಿ ಸ್ವಾಮಿ ಅಂತ ಕೇಳಿದೆ. ಕೊಡಲಿಲ್ಲ."

ನಗಬೇಕಾದ ಮಾತಲ್ಲ. ಆದರೂ ನನ್ನ ತುಟಿ ಅಲುಗಿತು, ಅದಕ್ಕೂ ಸಿಟ್ಟು ಬಂತು.

ಆಮೇಲೆ ಎಲ್ಲ ಹೇಳಿದ. ಹಿಂಟರ್‌ಬಾಖಿನಲ್ಲಿರುವವನ ಹೃದಯ ದಣಿದಿದೆಯಂತೆ. ಚಪ್ಪಟೆ ಮಲಗಿದರೆ ಎದೆಯಲ್ಲಿ ನೀರು ಏರಿ ಉಸಿರು ಕಟ್ಟುತ್ತದೆ, ರಾತ್ರಿ ಕುರ್ಚಿಯಲ್ಲೇ ಕೂತು ಕಳೆಯುತ್ತಾನೆ. ಆಸ್ಪತ್ರೆಯಲ್ಲಿ ಎರಡು ವಾರ ಇದ್ದು ಬಂದ. ಹಗಲು ನರ್ಸ್ ಬರುತ್ತಾಳೆ. ರಾತ್ರಿ ಒಬ್ಬನೇ ಇರಲು ಹೆದರುತ್ತಾನೆ. ಹಿಂಟರ್‌ಬಾಖಿನ ಮನೆಗಳವರು ರಾತ್ರಿಗಳನ್ನು ಹಂಚಿಕೊಂಡಿದ್ದಾರೆ. ಮಂಗಳವಾರ, ಶುಕ್ರವಾರಕ್ಕೆ ಜನ ಸಾಲಲಿಲ್ಲ.

ಅಂದರೆ ಆ ಕಣಿವೆಗೆಲ್ಲ ಗೊತ್ತು. ಫಿಲೋಮೆನಾಳಿಗೆ ಗೊತ್ತು. ಗುರುಗಳಿಗೆ ಗೊತ್ತು. ಗೊತ್ತಿಲ್ಲದವಳು ನಾನೊಬ್ಬಳೇ.

"ನನಗೆ ಯಾಕೆ ಹೇಳಲಿಲ್ಲ?"

"ಅವನ ಹೆಸರು ಎತ್ತಬೇಡ ಅಂತ ನೀನೇ ಅಲ್ವಾ ಹೇಳಿದ್ದು. ಹೆಸರು ಎತ್ತದೆ ಹೇಗೆ ಹೇಳಲಿ?"

ಆಲೂಗಡ್ಡೆ ನಾನೇ ಸುಲಿದು ಮುಗಿಸಿದೆ.

ಮೇ 20, ಪವಿತ್ರಾತ್ಮರ ಹಬ್ಬ, ಭಾನುವಾರ

ಶುಕ್ರವಾರವೂ ಅಲೋಯಿಸ್ ಹೋದ. ಈ ಸಲ ಹೇಳಿ ಹೋದ. ಹೋಗಬೇಡ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಇವತ್ತು ದೀಪ ಉರಿಸಿಕೊಂಡೇ ಪೂಜೆಗೆ ಹೋದೆವು. ಹಬ್ಬದ ಕೆಂಪು ಬಟ್ಟೆ, ಬ್ಯಾಂಡು, ಎಲ್ಲ ಇತ್ತು. ಪರಲೋಕ ಮಂತ್ರದಲ್ಲಿ ತಪ್ಪು ಮಾಡಿದವರನ್ನು ನಾವೂ ಕ್ಷಮಿಸುತ್ತೇವೆ ಅನ್ನುವ ಸಾಲು ಬಂದಾಗ ಎಲ್ಲರೂ ಹೇಳಿದರು, ನಾನು ಬಾಯಿ ಮಾತ್ರ ಅಲ್ಲಾಡಿಸಿದೆ. ಮಾಗಿಯ ಗಾಳಿ ಹಿಡಿದಿರಬೇಕು ಅಂದುಕೊಂಡೆ. ಮೇ ತಿಂಗಳಲ್ಲಿ ಎಂಥ ಮಾಗಿಯ ಗಾಳಿ.

ಮೇ 23, ಬುಧವಾರ

ಹೋಗಿ ಬಂದೆ.

ಕಾರಿನ ಸಲುವಾಗಿ ಹೋದೆ. ಅಲ್ಲಿ ಕಾರು ಎಲ್ಲಿ ನಿಲ್ಲುತ್ತದೆ, ಮುಚ್ಚಿದ ಜಾಗ ಏನಾದರೂ ಇದೆಯೇ ನೋಡಬೇಕಿತ್ತು. ಗ್ಯಾರೇಜಿನವನಿಗೆ ಹೇಳಲು ಬೇಕು. ಬೆಳಿಗ್ಗೆ ಹತ್ತಕ್ಕೆ ತಲುಪಿದೆ. ಬಿಸಿಲು. ಅಲ್ಲಿ ಕಟ್ಟಿಗೆಯ ಶೆಡ್ ಕುಸಿದಿದೆ, ಕಾರಿಗೆ ಮರೆ ಇಲ್ಲ.

ಬಾಗಿಲು ತೆರೆದಿತ್ತು. ಅವನು ಒಲೆಯ ಪಕ್ಕ ಅಮ್ಮನ ಕುರ್ಚಿಯಲ್ಲಿ ಕೂತಿದ್ದ, ಬೆನ್ನಿಗೆ ಮೂರು ದಿಂಬು. ಕಾಲು ಸ್ಟೂಲಿನ ಮೇಲೆ, ಹಿಟ್ಟಿನ ಹಾಗೆ ಉಬ್ಬಿದೆ. ತಲೆ ಪೂರಾ ಬೆಳ್ಳಗಾಗಿದೆ. ನನ್ನನ್ನು ನೋಡಿ ಏಳಲು ಹೋದ. ಕೂತ್ಕೋ ಅಂದೆ.

"ಯಾರಾದ್ರೂ ಸತ್ರಾ?" ಅಂತ ಕೇಳಿದ.

ಇಲ್ಲ ಅಂದೆ. ಕಾರಿನ ವಿಷಯ ಹೇಳಿದೆ. ಮರನಾಯಿ, ಹಲ್ಲು, ಚಿಪ್ಪು, ಎಲ್ಲ. ಅವನು ಗಮನ ಕೊಟ್ಟು ಕೇಳಿದ. ಒಂದು ವಾಕ್ಯಕ್ಕೆ ಎರಡು ಸಲ ಉಸಿರು ತೆಗೆದುಕೊಂಡು, ಆ ಗಂಡು ಮರನಾಯಿ ತನ್ನ ನಾಲ್ಕು ಕೋಳಿಯನ್ನೂ ತಿಂದಿದೆ, ದೊಡ್ಡ ಕಳ್ಳ ಅದು ಅಂದ. ಗೋಡೆಯ ಮೇಲೆ ಅದೇ ಫೋನ್.

ನಾನು ಅದನ್ನು ನೋಡುತ್ತಿದ್ದೇನೆ ಅಂತ ಅವನಿಗೆ ಕಂಡಿತು.

"ನಿದ್ದೆ ಬಂತು ಬುರ್ಗಿ," ಅಂದ.

ನನಗೆ ಅರ್ಥವಾಗಲಿಲ್ಲ.

"ಮೂರು ರಾತ್ರಿ ಎದ್ದಿದ್ದೆ. ನಾಲ್ಕನೇ ದಿನ ಬೆಳಗಿನ ಜಾವ ಹೀಗೇ ಕೂತಲ್ಲೇ ಕಣ್ಣು ಹತ್ತಿತು. ಎದ್ದಾಗ ಅಮ್ಮನ ಕೈ ತಣ್ಣಗಿತ್ತು. ಆಮೇಲೆ ಗುರುಗಳನ್ನ ಕರೆದು ಏನು ಮಾಡ್ಲಿ?"

"ತಡವಾಯ್ತು ಅಂದೆ ನೀನು. ನಿದ್ದೆ ಬಂತು ಅಂತ ಹೇಳಬೇಕಿತ್ತು."

"ಹೇಳಿದ್ರೆ ಬಿಡ್ತಿದ್ಯಾ?"

ಒಂಬತ್ತು ವರ್ಷ ಅವನ ಮಾತು ಕೇಳಲು ನಾನು ಸಿದ್ಧಳಿದ್ದೆ ಅನ್ನಲೂ ಆಗದು, ಅವನು ಏನೂ ಹೇಳದ ಹಾಗೆ ನಾನೇ ನೋಡಿಕೊಂಡಿದ್ದೆ. ಅವನು ದೇವರನ್ನು ಒಪ್ಪದೆ ಬೇಕೆಂದೇ ಮಾಡಿದ ಅಂತ ಇಟ್ಟುಕೊಂಡಿದ್ದೆ. ಅದಾದರೆ ದೊಡ್ಡ ಪಾಪ, ಸಿಟ್ಟಿಗೆ ಜಾಗ ಇತ್ತು. ನಿದ್ದೆಯನ್ನು ಏನು ಮಾಡುವುದು?

ಕೈ ಹಿಡಿದುಕೊಂಡಿದ್ದೆಯಾ ಅಂತ ಮಾತ್ರ ಕೇಳಿದೆ. ಹಿಡಿದುಕೊಂಡೇ ಮಲಗಿದ್ದೆ ಅಂದ.

ಆ ಮೂರು ರಾತ್ರಿ ನಾನು ಅಲ್ಲಿರಲಿಲ್ಲ. ಅಮ್ಮನಿಗೆ ಗುಣವಾಗಲಿ ಅಂತ ದೇವಮಾತೆಯ ಯಾತ್ರೆಗೆ ಹೋಗಿದ್ದೆ, ಬಸ್ಸಿನಲ್ಲಿ ಮೂವತ್ತೆಂಟು ಜನ, ದಾರಿಯುದ್ದಕ್ಕೂ ಹಾಡಿಕೊಂಡು. ಒಳ್ಳೆಯ ಯಾತ್ರೆ ಅದು. ಇದನ್ನು ಯಾಕೆ ಬರೆದೆನೋ. ಕಾರಿಗೂ ಇದಕ್ಕೂ ಸಂಬಂಧವಿಲ್ಲ.

ಮೇ 24, ಗುರುವಾರ

ಹತ್ತಿತು. ನಾನು ಹಗಲು ಅಲ್ಲಿ ಅರ್ಧ ದಿನ ನಿಲ್ಲಿಸಿದ್ದೂ ಸೇರಿರಬೇಕು.

ರಾತ್ರಿ ಎರಡು ಗಂಟೆಗೆ ಎದ್ದು ಕೂತಿದ್ದೆ. ಕೂತು ಮಲಗಿದರೆ ಹೇಗಿರುತ್ತದೆ ಅಂತ ಮೂರು ದಿಂಬು ಒಟ್ಟಿಕೊಂಡು ನೋಡಿದೆ. ಕತ್ತು ನೋವು.

ಮೇ 26, ಶನಿವಾರ

ಗೆಬ್‌ಹಾರ್ಡ್‌ನನ್ನು ಕೇಳಿದೆ: ಇದಕ್ಕೆ ಕೊನೆ ಹೇಗೆ? ಎರಡೇ ದಾರಿ ಅಂದ. ಒಂದು, ಅಲ್ಲಿಂದ ಬಂದ ಪ್ರತಿ ಸಲ ಎಂಜಿನ್ನನ್ನು ಬಿಸಿನೀರಿನಲ್ಲಿ ತೊಳೆಯಬೇಕು, ಇಲ್ಲಿಂದ ಹೋಗುವಾಗಲೂ ತೊಳೆಯಬೇಕು. ವಾರಕ್ಕೆ ನಾಲ್ಕು ಸಲ. ಇನ್ನೊಂದು, ಕಾರು ಒಂದೇ ಕಡೆ ಮಲಗಬೇಕು.

"ಯಾವ ಕಡೆ ಅನ್ನೋದು ಗ್ಯಾರೇಜಿನವನು ಹೇಳೋ ವಿಷಯ ಅಲ್ಲ," ಅಂದ. ಆ ಮಾತಿನಲ್ಲಿ ಕುಚೋದ್ಯ ಇರಲಿಲ್ಲ. ಅವನಿಂದ ಅಂಥ ಮಾತು ಕೇಳಿ ನನಗೆ ಅಭ್ಯಾಸವಿಲ್ಲ.

ಮನೆಗೆ ಬಂದು ಯೋಚಿಸಿದೆ. ವಾರಕ್ಕೆ ನಾಲ್ಕು ಸಲ ಎಂಜಿನ್ ತೊಳೆಯುವುದು ಹುಚ್ಚು. ಅಲೋಯಿಸ್ ಹೋಗುವುದು ನಿಲ್ಲಿಸಿದರೆ ಎರಡು ರಾತ್ರಿ ಯಾರೂ ಇಲ್ಲ. ನಮ್ಮ ಕೆಳಗಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಇಸ್ತ್ರಿ ಮಣೆ ಬಿಟ್ಟರೆ ಏನಿದೆ? ಒಲೆಯ ಗೋಡೆ ಆ ಕಡೆಗೇ ಇದೆ, ಬೆಚ್ಚಗಿರುತ್ತದೆ. ಮೆಟ್ಟಿಲಿಲ್ಲ.

ಊಟದ ಹೊತ್ತಿಗೆ ಅಲೋಯಿಸ್‌ಗೆ ಹೇಳಿದೆ: ಅವನು ಇಲ್ಲಿಗೆ ಬರಲಿ. ಕಾರಿನ ಸಲುವಾಗಿ.

ಅವನು ಸೂಪಿನಿಂದ ತಲೆ ಎತ್ತಲಿಲ್ಲ. "ಕಾರಿನ ಸಲುವಾಗಿ," ಅಂದ. ಕರವಸ್ತ್ರ ತೆಗೆದು ಬಹಳ ಹೊತ್ತು ಮೂಗು ಒರೆಸಿಕೊಂಡ. ಸೂಪು ಅಷ್ಟು ಬಿಸಿಯೇನೂ ಇರಲಿಲ್ಲ.

ಮೇ 30, ಬುಧವಾರ

ಭಾನುವಾರದಿಂದ ಕಾರು ಅಂಗಳ ಬಿಟ್ಟು ಮಲಗಿಲ್ಲ. ಮಂಗಳವಾರ ಅಲೋಯಿಸ್‌ನನ್ನು ಗೆಬ್‌ಹಾರ್ಡ್ ತನ್ನ ಜೀಪಿನಲ್ಲೇ ಹಿಂಟರ್‌ಬಾಖಿಗೆ ಬಿಟ್ಟು ಬಂದ. ಪೈಪು ಹೊಸದು, ಎಂಜಿನ್ ತೊಳೆದದ್ದು. ದೀಪ ಹತ್ತಲಿಲ್ಲ. ಇವತ್ತು ತಪಾಸಣೆ ಆಯಿತು. ಗಾಜಿಗೆ ಹೊಸ ಚೀಟಿ.

ಪುಸ್ತಕ ತಂದೆಯಾ ಅಂತ ಗೆಬ್‌ಹಾರ್ಡ್ ಕೇಳಿದ, ದಿನ, ಹವೆ ಎಲ್ಲ ಬರೆದದ್ದು ನೋಡುತ್ತೇನೆ ಅಂತ. ಮನೆಯಲ್ಲಿ ಮರೆತೆ ಅಂದೆ. ಕೈಚೀಲದಲ್ಲಿ ಇತ್ತು. ಇದನ್ನು ಶನಿವಾರ ಪಾಪನಿವೇದನೆಯಲ್ಲಿ ಹೇಳಬೇಕು.

ಹೊಲಿಗೆ ಯಂತ್ರವನ್ನು ಮೇಲೆ ಸಾಗಿಸಿದೆವು. ಹಾಸಿಗೆಯ ತಲೆಯ ಕಡೆಯನ್ನು ಅಲೋಯಿಸ್ ಹಲಗೆ ಕೊಟ್ಟು ಎತ್ತರಿಸಿದ. ಕಿಟಕಿಯ ಪರದೆ ಒಗೆದು ಹಾಕಿದೆ, ಹೇಗೂ ಒಗೆಯಬೇಕಿತ್ತು.

ಜೂನ್ 2, ಶನಿವಾರ

ಹನ್ನೊಂದಕ್ಕೆ ಬಂದರು. ಅಲೋಯಿಸ್ ಒಂದು ಕೈ ಹಿಡಿದಿದ್ದ, ನರ್ಸ್ ಇನ್ನೊಂದು. ಕಾರಿನಿಂದ ಬಾಗಿಲಿಗೆ ಇಪ್ಪತ್ತು ಹೆಜ್ಜೆ, ಮೂರು ಸಲ ನಿಂತ. ನಾನು ಬಾಗಿಲಲ್ಲಿದ್ದೆ. ಏಪ್ರನ್ ಬಿಚ್ಚಲು ಮರೆತಿದ್ದೆ.

ಹೊಸಿಲಿನ ಮುಂದೆ ಬಂದು ನಾಲ್ಕನೇ ಸಲ ನಿಂತ. ಉಸಿರಿಗೆ ನಿಂತಿದ್ದಾನೆ ಅಂದುಕೊಂಡೆ. ಉಸಿರು ತಿರುಗಿದ ಮೇಲೂ ಕಾಲು ಎತ್ತಲಿಲ್ಲ. ಕೆಳಗೆ ಮರದ ಹೊಸಿಲನ್ನು ನೋಡಿದ, ನನ್ನನ್ನು ನೋಡಿದ. ಅಲೋಯಿಸ್ ಎಲ್ಲೋ ಬೇಲಿಯ ಕಡೆ ನೋಡುತ್ತಿದ್ದ. ನರ್ಸ್‌ಗೆ ಏನೂ ಗೊತ್ತಿಲ್ಲ, ಪಾಪ, ಕಾಲೆತ್ತಿ, ಕಾಲೆತ್ತಿ ಅನ್ನುತ್ತಿದ್ದಳು.

ನಾನು ಏನೇನೋ ಹೇಳಬೇಕೆಂದು ವಾರದಿಂದ ಯೋಚಿಸಿದ್ದೆ.

"ಒಳಗೆ ಬಾ ಸೆವೆರಿನ್," ಅಂದೆ. "ಬಾಗಿಲು ತೆರೆದಿಟ್ಟರೆ ನೊಣ ಬರ್ತವೆ."

ಬಂದ.

ಕೋಣೆ ನೋಡಿ, ಕಿಟಕಿ ಈ ಕಡೆ ಇದ್ದರೆ ಚೆನ್ನಾಗಿತ್ತು ಅಂದ. ಹಾಗಾದರೆ ಮನೆ ತಿರುಗಿಸಿ ಕಟ್ಟಿಸಲಾ ಅಂತ ಕೇಳಿದೆ. ಪ್ರಾರ್ಥನೆ ಹೇಳುವಾಗ ಅವನು ಬಾಯಿ ಬಿಡಲಿಲ್ಲ, ಆದರೆ ಟೋಪಿ ತೆಗೆದ. ಅದು ಅವನಿಗೂ ದೇವರಿಗೂ ಬಿಟ್ಟದ್ದು. ಅಣ್ಣನಿಗೆ ಉಪ್ಪು ಮುಟ್ಟಿಸಬಾರದು ಅಂತ ನರ್ಸ್ ಹೇಳಿ ಹೋದಳು. ಅವನಿಗೊಂದು ನಮಗೊಂದು ಅಂತ ಎರಡು ಪಾತ್ರೆ ಇಡುವುದು ಎಲ್ಲಿಯ ಮಾತು. ಮೂವರೂ ಸಪ್ಪೆ ಸೂಪನ್ನೇ ಕುಡಿದೆವು.